ಪ್ಯಾಡ್ ಖರ್ಚು, ಪ್ಯಾಡ್ ಕಸ ಎರಡೂ ಕಡಿಮೆ ಆಗಬೇಕು. ಮುಟ್ಟಿನ ಕಪ್ ತಗೊಳ್ಳೋದಾ, ಬಟ್ಟೆ ಪ್ಯಾಡ್ ತಗೊಳ್ಳೋದಾ?

ನೇಸರ_ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮನೆಯಲ್ಲಿ ಮುಟ್ಟಾಗುವವರು ಮೂವರು. ನಾನು, ಎಂಟನೇ ಕ್ಲಾಸಿನ ಮಗಳು, ಗಾರ್ಮೆಂಟ್ಸ್‌ಗೆ ಹೋಗುವ ನಾದಿನಿ. ಮೂವರದೂ ಸೇರಿ ತಿಂಗಳಿಗೆ 450 ರಿಂದ 500 ರೂಪಾಯಿ ಬರೀ ಪ್ಯಾಡ್‌ಗೆ ಹೋಗುತ್ತಿದೆ. ಮಗಳಿಗೆ ರಾತ್ರಿ ದೊಡ್ಡ ಸೈಜಿನದೇ ಬೇಕು, ಅದರ ರೇಟು ಇನ್ನೂ ಜಾಸ್ತಿ. ವರ್ಷಕ್ಕೆ ಲೆಕ್ಕ ಹಾಕಿದರೆ ಐದಾರು ಸಾವಿರ. ನಮ್ಮಂಥ ಮನೆಗೆ ಅದು ಸಣ್ಣ ದುಡ್ಡಲ್ಲ.

ಕಸದ ವಿಷಯವೂ ಇದೆ. ಬೆಳಿಗ್ಗೆ ನಮ್ಮ ಬೀದಿಗೆ ಕಸದ ಗಾಡಿ ಜೊತೆ ಬರುವ ಅಮ್ಮ ಪ್ರತಿ ಮನೆಯ ಬುಟ್ಟಿಗೂ ಕೈ ಹಾಕಿ ಹಸಿ, ಒಣ ಅಂತ ಬೇರೆ ಮಾಡುತ್ತಾರೆ. ಪೇಪರ್‌ನಲ್ಲಿ ಸುತ್ತಿ ಕೊಟ್ಟರೂ ಅದು ಕೊನೆಗೆ ಅವರ ಕೈಗೇ ಹೋಗುತ್ತದೆ. ನನ್ನ ತವರಿನ ಕಡೆ ಗಾಡಿಯೇ ಬರುವುದಿಲ್ಲ, ಕಪ್ಪು ಕವರ್‌ಗೆ ಕಟ್ಟಿ ವಿಶ್ವೇಶ್ವರಯ್ಯ ನಾಲೆಗೆ ಎಸೆಯುತ್ತಾರೆ. ಆ ನೀರೇ ಗದ್ದೆಗೆ ಹೋಗುವುದು, ದನ ಕುಡಿಯುವುದು. ನೋಡಿದಾಗಲೆಲ್ಲ ಸಂಕಟ ಆಗುತ್ತದೆ.

ಮೂವರೂ ಬದಲಾಯಿಸೋಣ ಅಂತ ಮಾತಾಡಿಕೊಂಡಿದ್ದೇವೆ. ಆದರೆ ಯಾವುದು ಯಾರಿಗೆ ಅಂತ ತಿಳಿಯುತ್ತಿಲ್ಲ. ಮಗಳಿಗೆ ಇನ್ನೂ ಹದಿಮೂರು. ನಾದಿನಿಗೆ ಮದುವೆ ಆಗಿಲ್ಲ, ಕಪ್ ಹಾಕಿಕೊಳ್ಳಬಹುದಾ ಅಂತ ಅವಳಿಗೆ ಭಯ, ಜೊತೆಗೆ ಕೆಲಸದ ಜಾಗದಲ್ಲಿ ಟಾಯ್ಲೆಟ್‌ಗೆ ಹೋಗಲು ಸಿಗುವ ಟೈಮೂ ಕಡಿಮೆ. ನನಗೆ ಗರ್ಭ ನಿಲ್ಲದಿರಲಿ ಅಂತ ಗರ್ಭಕೋಶದೊಳಗೆ ಹಾಕಿಸಿಕೊಂಡ ಕಾಪರ್-ಟಿ ಇದೆ. ಬಟ್ಟೆ ತೊಳೆದರೆ ಒಣಗಿಸುವುದು ಎಲ್ಲಿ ಅನ್ನುವುದು ಇನ್ನೊಂದು ಚಿಂತೆ. ತಾರಸಿ ಓನರ್ ಮನೆಯವರಿಗೂ ನಮಗೂ ಒಂದೇ, ಅತ್ತೆಯಂತೂ "ಅದನ್ನೆಲ್ಲ ನಾಲ್ಕು ಜನ ನೋಡೋ ಹಾಗೆ ತಂತಿ ಮೇಲೆ ಹಾಕಬೇಡ" ಅಂದಿದ್ದಾರೆ. ಬಳಸಿ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಸುಗ್ಗಿ_ಪಾಂಡವಪುರ

ಅಕ್ಕ, ನಾನು ಬಟ್ಟೆಯ ಬಗ್ಗೆ ಹೇಳುತ್ತೇನೆ, ಕಪ್ ಗೊತ್ತಿರುವವರು ಕಪ್ ಬಗ್ಗೆ ಹೇಳಲಿ.

ನಮ್ಮ ಹಳ್ಳಿಯಲ್ಲಿ ಬಟ್ಟೆ ಹೊಸದೇನಲ್ಲ. ಹಳೇ ಕಾಟನ್ ಸೀರೆ, ಹಳೇ ಪಂಚೆ ಹರಿದು ಮಡಚಿ ಇಟ್ಟುಕೊಳ್ಳುತ್ತಿದ್ದರು. ಪ್ಯಾಡ್ ಬಂದ ಮೇಲೂ ಅದು ಹೋಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15 ರಿಂದ 24 ವಯಸ್ಸಿನವರಲ್ಲಿ ಸುಮಾರು ಅರ್ಧದಷ್ಟು ಜನ ಬಟ್ಟೆ ಬಳಸುತ್ತೇವೆ ಅಂದಿದ್ದಾರೆ, ಅವರಲ್ಲಿ ಎಷ್ಟೋ ಜನ ಪ್ಯಾಡನ್ನೂ ಬಳಸುತ್ತಾರೆ. ತೊಂದರೆ ಇದ್ದದ್ದು ಬಟ್ಟೆಯಲ್ಲಿ ಅಲ್ಲ, ಬಚ್ಚಿಡುವುದರಲ್ಲಿ. ಬಚ್ಚಲುಮನೆ ಹಂಡೆ ಹಿಂದೆ, ಸೂರಿನ ಸಂದಿಯಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಯಾರಿಗೂ ಕಾಣದ ಹಾಗೆ ಒಣಗಿಸಬೇಕಿತ್ತು. ಅದರ ಮೇಲೆ ಹಾವು ಹರಿದರೆ ಮಕ್ಕಳಾಗುವುದಿಲ್ಲ ಅಂತ ಬೇರೆ ಹೆದರಿಸುತ್ತಿದ್ದರು. ಬಿಸಿಲು ಕಾಣದ ಬಟ್ಟೆಯಲ್ಲಿ ತೇವ ಉಳಿದು ಮುಗ್ಗಲು ವಾಸನೆ ಬರುತ್ತದೆ, ಅದನ್ನೇ ಮತ್ತೆ ಕಟ್ಟಿಕೊಂಡರೆ ತುರಿಕೆ, ತೊಡೆ ಸಂದಿಯಲ್ಲಿ ಗಾಯ. ಅದಕ್ಕೇ ಬಟ್ಟೆ ಅಂದರೆ ಕೊಳಕು ಅನ್ನುವ ಹೆಸರು ಬಂತು.

ಈಗಿನ ಬಟ್ಟೆ ಪ್ಯಾಡ್‌ಗಳಲ್ಲಿ ಮೇಲೆ ಮೆತ್ತನೆ ಕಾಟನ್, ಒಳಗೆ ಹೀರಿಕೊಳ್ಳುವ ಬಟ್ಟೆ ನಾಲ್ಕಾರು ಪದರ, ಕೆಳಗೆ ನೀರು ಸೋರದ ತೆಳು ಪದರ ಇರುತ್ತದೆ. ಚಡ್ಡಿಗೆ ಹಿಡಿದುಕೊಳ್ಳಲು ರೆಕ್ಕೆ ಮತ್ತು ಟಿಚ್ ಬಟನ್. ನಮ್ಮೂರಿನ ಟೈಲರ್ ಅಕ್ಕ ಒಂದು ಸ್ಯಾಂಪಲ್ ಬಿಚ್ಚಿ ನೋಡಿ ಹೊಲಿದು ಕೊಡುತ್ತಾರೆ, ಅಂಗಡಿ ರೇಟಿನ ಅರ್ಧಕ್ಕೂ ಕಡಿಮೆ ಬೀಳುತ್ತದೆ. ಬಟ್ಟೆ ಮಾತ್ರ ಪೂರ್ತಿ ಕಾಟನ್ ಇರಬೇಕು. ನೈಲಾನ್, ಪಾಲಿಯೆಸ್ಟರ್ ಮಿಕ್ಸ್ ಮೈಗೆ ತಾಗುವ ಕಡೆ ಬೇಡ, ನಮ್ಮ ಸೆಖೆಗೆ ಅದು ಉರಿ ಹುಟ್ಟಿಸುತ್ತದೆ.

ತೊಳೆಯುವುದು ಹೀಗೆ. ಮೊದಲು ತಣ್ಣೀರು. ಬಿಸಿ ನೀರು ಹಾಕಿದರೆ ರಕ್ತದ ಕಲೆ ಬಟ್ಟೆಗೆ ಕಚ್ಚಿಕೊಂಡುಬಿಡುತ್ತದೆ. ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ ಆ ನೀರು ಚೆಲ್ಲಿ, ಆಮೇಲೆ ಸಾಮಾನ್ಯ ಬಟ್ಟೆ ಸೋಪು ಹಚ್ಚಿ ಉಜ್ಜಿ. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಕಂಡೀಷನರ್ ಬೇಡವೇ ಬೇಡ, ಅದು ಎಳೆಗಳ ಮೇಲೆ ಪದರ ಕಟ್ಟಿ ಹೀರಿಕೊಳ್ಳುವ ಗುಣ ಹಾಳು ಮಾಡುತ್ತದೆ. ಬೋರ್‌ವೆಲ್ ಗಡಸು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಬಟ್ಟೆಯೂ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತದೆ. ಟೌನಿನಲ್ಲಿ ಕಾವೇರಿ ನೀರು ಬರುತ್ತದಲ್ಲ, ಕೊನೆಯ ಜಾಲಿಸುವಿಕೆ ಆ ನೀರಲ್ಲಿ ಮಾಡಿ, ಸಾಕು. ಮಳೆಗಾಲದಲ್ಲಿ ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿ, ಮೇಲಿನ ಕಾಟನ್ ಕಡೆಗೆ ಒಮ್ಮೆ ಇಸ್ತ್ರಿ ಹಾಕಿ. ಕೆಳಗಿನ ಸೋರದ ಪದರಕ್ಕೆ ಇಸ್ತ್ರಿ ತಾಗಿಸಬೇಡಿ, ಕರಗುತ್ತದೆ.

ಅತ್ತೆಯವರ ವಿಷಯ. ಅವರ ಕಾಲದಲ್ಲಿ ಪ್ಯಾಡ್ ಎಲ್ಲಿತ್ತು? ಅವರೂ ಬಟ್ಟೆಯಲ್ಲೇ ಅಷ್ಟು ವರ್ಷ ಕಳೆದವರು. ಜಗಳ ಬೇಡ, "ಅತ್ತೆ, ನೀವು ಹೇಗೆ ಒಗೀತಿದ್ರಿ, ಹೇಗೆ ಒಣಗಿಸ್ತಿದ್ರಿ" ಅಂತ ಕೇಳಿ ನೋಡಿ. ಆ ಕಷ್ಟ ಬಾಯಿಬಿಟ್ಟು ಹೇಳಿಕೊಳ್ಳಲು ಅವರಿಗೂ ಯಾರೂ ಸಿಕ್ಕಿರುವುದಿಲ್ಲ. ನಮ್ಮ ಮನೆಯಲ್ಲಿ ಆ ಮಾತಾದ ಮೇಲೆ ಅತ್ತೆಯೇ ಬಿಸಿಲಿಗೆ ಮೊದಲ ಜಾಗ ಅದಕ್ಕೇ ಬಿಡುತ್ತಾರೆ.

ಬಿಳಿಕೋಟು_ಮೈಸೂರು

ಮೈಸೂರಿನಲ್ಲಿ ಹೆರಿಗೆ ವಾರ್ಡ್‌ನಲ್ಲಿ ನರ್ಸ್ ಆಗಿದ್ದೇನೆ. ಕಪ್ ಬಗ್ಗೆ ಕೇಳಿದ್ದಕ್ಕೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಕಪ್ ಅಂದರೆ ಯೋನಿಯೊಳಗೆ ಇಟ್ಟುಕೊಂಡು ಮುಟ್ಟಿನ ರಕ್ತ ಹಿಡಿಯುವ, ತೊಳೆದು ಮತ್ತೆ ಬಳಸುವ ಮೆತ್ತನೆ ಬಟ್ಟಲು.

ಮೊದಲು ಹೆಂಗಸರಿಗೆ ನಂಬಿಕೆ ಬಾರದ ವಿಷಯ: ಒಂದು ಮುಟ್ಟಿನಲ್ಲಿ ಪೂರ್ತಿ ಹೋಗುವ ರಕ್ತ ಸಾಮಾನ್ಯವಾಗಿ 30 ರಿಂದ 40 ಎಂ.ಎಲ್. ಅಷ್ಟೇ. ಒಂದು ಕಪ್ 20 ರಿಂದ 30 ಎಂ.ಎಲ್. ಹಿಡಿಯುತ್ತದೆ. ಹಾಗಾಗಿ ಹೆಚ್ಚಿನವರಿಗೆ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಖಾಲಿ ಮಾಡಿದರೆ ನಡೆಯುತ್ತದೆ. ಹೆಚ್ಚು ಹೋಗುವ ದಿನ ಮಧ್ಯೆ ಇನ್ನೊಂದು ಸಲ ಬೇಕಾಗಬಹುದು. ಯಾವ ಕಾರಣಕ್ಕೂ 12 ಗಂಟೆ ಮೀರಬೇಡಿ. ನಿಮ್ಮ ನಾದಿನಿಗೆ ಇದು ದೊಡ್ಡ ಅನುಕೂಲ, ಮನೆಯಲ್ಲಿ ಹಾಕಿಕೊಂಡು ಹೋಗಿ ಮನೆಗೆ ಬಂದೇ ತೆಗೆಯಬಹುದು. ಅಲ್ಲಿನ ಟಾಯ್ಲೆಟ್‌ನಲ್ಲಿ ನೀರಿಲ್ಲ, ಕಸದ ಬುಟ್ಟಿ ಇಲ್ಲ ಅನ್ನುವ ಪರದಾಟ ಇರುವುದಿಲ್ಲ. ಹಾಗಂತ ಮೂತ್ರ ತಡೆದುಕೊಂಡು ಕೂರಬಾರದು, ಕಪ್ ಒಳಗಿದ್ದರೂ ಮೂತ್ರಕ್ಕೆ ಹೋಗಬಹುದು, ಎರಡರ ದಾರಿ ಬೇರೆ ಬೇರೆ.

ಮದುವೆ ಆಗದವರು ಹಾಕಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಹಾಕಿಕೊಳ್ಳಬಹುದು. ಕನ್ಯಾಪೊರೆ ಅನ್ನುವುದು ದಾರಿಗೆ ಅಡ್ಡ ಕಟ್ಟಿದ ಗೋಡೆ ಅಲ್ಲ, ಅಂಚಿನಲ್ಲಿರುವ ಎಳೆದರೆ ಹಿಗ್ಗುವ ಚರ್ಮ. ಸೈಕಲ್ ಹೊಡೆದರೂ ಆಟ ಆಡಿದರೂ ಅದು ಬದಲಾಗಬಹುದು, ಕೆಲವರಿಗೆ ಹುಟ್ಟುವಾಗಲೇ ತೀರಾ ಕಡಿಮೆ ಇರುತ್ತದೆ. ಅದನ್ನು ನೋಡಿ ಒಬ್ಬ ಹುಡುಗಿಯ ಬಗ್ಗೆ ಏನೂ ಹೇಳಲು ಬರುವುದಿಲ್ಲ. ಈ ವಿಷಯದಲ್ಲಿ ಹುಡುಗಿಯರನ್ನು ಹೆದರಿಸುವುದನ್ನು ನಾವು ನಿಲ್ಲಿಸಲೇಬೇಕು. ಅವಳಿಗೆ ಇಷ್ಟ ಇದ್ದರೆ ಸಣ್ಣ ಸೈಜು ತೆಗೆದುಕೊಳ್ಳಲಿ, ಇಷ್ಟ ಇಲ್ಲದಿದ್ದರೆ ಯಾರೂ ಬಲವಂತ ಮಾಡಬೇಡಿ.

ಸೈಜು ಆರಿಸುವಾಗ ವಯಸ್ಸು, ಹೆರಿಗೆ ಎರಡನ್ನೇ ನೋಡುತ್ತಾರೆ. ಗರ್ಭಕೋಶದ ಬಾಯಿ ಎಷ್ಟು ಕೆಳಗಿದೆ ಅನ್ನುವುದೂ ಅಷ್ಟೇ ಮುಖ್ಯ. ಮುಟ್ಟಿನ ದಿನಗಳಲ್ಲಿ ಕೈ ಚೆನ್ನಾಗಿ ತೊಳೆದು ಬೆರಳಿಟ್ಟು ನೋಡಿದರೆ ಮೂಗಿನ ತುದಿಯಷ್ಟು ಗಟ್ಟಿಯಾಗಿ ತಗಲುತ್ತದೆ. ಬೇಗನೆ ತಗಲಿದರೆ ಗಿಡ್ಡ ಕಪ್ ಬೇಕು. ಮೆಡಿಕಲ್ ಗ್ರೇಡ್ ಸಿಲಿಕೋನ್ ಅಂತ ಬರೆದಿರುವುದನ್ನೇ ತೆಗೆದುಕೊಳ್ಳಿ. ಸಿಕ್ಕಾಪಟ್ಟೆ ಅಗ್ಗಕ್ಕೆ ಹೆಸರಿಲ್ಲದ ಕಪ್ ಬರುತ್ತವೆ, ಒಳಗೆ ಇಟ್ಟುಕೊಳ್ಳುವ ವಸ್ತುವಿನಲ್ಲಿ ಆ ಉಳಿತಾಯ ಬೇಡ.

ಅಪಾಯ ಇಲ್ಲವೇ ಅಂದರೆ, ಟಾಕ್ಸಿಕ್ ಶಾಕ್ ಅನ್ನುವ ಸೋಂಕು ಇದೆ, ತೀರಾ ಅಪರೂಪ. ಕಪ್ ಒಳಗಿರುವಾಗ ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ, ತಲೆಸುತ್ತು, ಮೈಮೇಲೆ ಕೆಂಪು ಗಂದೆ ಬಂದರೆ ತಕ್ಷಣ ತೆಗೆದು ಆಸ್ಪತ್ರೆಗೆ ಹೋಗಿ. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ 43 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವರದಿ ಬಂತು. ಸೋರುವುದು ಪ್ಯಾಡ್‌ನಷ್ಟೇ ಅಥವಾ ಅದಕ್ಕಿಂತ ಕಡಿಮೆ, ಬಳಸಿದವರಲ್ಲಿ ನೂರಕ್ಕೆ 70ರಷ್ಟು ಜನ ಮುಂದುವರಿಸಲು ಒಪ್ಪಿದರು, ಆದರೆ ರೂಢಿಯಾಗಲು ಕೆಲವು ತಿಂಗಳು ಬೇಕು ಅಂತ ಅದರಲ್ಲಿದೆ. ಮೊದಲ ತಿಂಗಳೇ ಸರಿ ಕೂರಲಿಲ್ಲ ಅಂತ ಬಿಸಾಡಬೇಡಿ.

ಗಂಗೋತ್ರಿ_ಹುಡುಗಿ

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದೇನೆ, ಹಾಸ್ಟೆಲ್‌ನಲ್ಲಿ ಇದ್ದೇನೆ, ಕಪ್ ಬಳಸುತ್ತೇನೆ. ಸಿಸ್ಟರ್ ಹೇಳಿದ್ದೆಲ್ಲ ಸರಿ, ನಾನು ಕೈಯ ಕೆಲಸ ಮಾತ್ರ ಹೇಳುತ್ತೇನೆ.

ಸಿ ಆಕಾರದ ಮಡಿಕೆ ಎಲ್ಲರೂ ತೋರಿಸುತ್ತಾರೆ, ಆದರೆ ಹೊಸಬರಿಗೆ ಅದು ಅಗಲ ಆಗುತ್ತದೆ. ಕಪ್‌ನ ಒಂದು ಅಂಚನ್ನು ಬೆರಳಿಂದ ಒಳಕ್ಕೆ ಒತ್ತಿ ಮೊಗ್ಗಿನ ಹಾಗೆ ಮಡಚಿದರೆ ತುದಿ ಚೂಪಾಗಿ ಸುಲಭವಾಗಿ ಹೋಗುತ್ತದೆ. ನೀರಲ್ಲಿ ಒದ್ದೆ ಮಾಡಿ ಹಾಕಿ. ಇಂಡಿಯನ್ ಟಾಯ್ಲೆಟ್‌ನಲ್ಲಿ ಕೂರುವ ಹಾಗೆ ಕುಕ್ಕರಗಾಲಲ್ಲಿ ಕುಳಿತರೆ ಮೈ ಸಡಿಲ ಆಗುತ್ತದೆ. ಮೇಲಕ್ಕೆ ಅಲ್ಲ, ಬೆನ್ನಿನ ಕಡೆಗೆ ಓರೆಯಾಗಿ ತಳ್ಳಬೇಕು. ಒಳಗೆ ಹೋದ ಮೇಲೆ ಬುಡದ ಸುತ್ತ ಬೆರಳಾಡಿಸಿ ನೋಡಿ, ಎಲ್ಲೂ ಮಡಿಕೆ ಸಿಗದೆ ದುಂಡಗಿದ್ದರೆ ಅದು ಪೂರ್ತಿ ಬಿಚ್ಚಿಕೊಂಡಿದೆ ಅಂತ ಅರ್ಥ. ಸೋರುವುದು ಹೆಚ್ಚಾಗಿ ಬಿಚ್ಚಿಕೊಳ್ಳದೆ ಇದ್ದಾಗಲೇ.

ತೆಗೆಯುವಾಗ ಕೆಳಗಿನ ಕಡ್ಡಿ ಹಿಡಿದು ಜಗ್ಗಬೇಡಿ. ಅದೇ ಕುಕ್ಕರಗಾಲಲ್ಲಿ ಕುಳಿತು ಸ್ವಲ್ಪ ಮುಕ್ಕಿದರೆ ಕಪ್ ತಾನೇ ಕೆಳಗೆ ಬರುತ್ತದೆ, ಬುಡವನ್ನು ಎರಡು ಬೆರಳಲ್ಲಿ ಹಿಸುಕಿದರೆ ಒಳಗಿನ ಗಾಳಿ ಹಿಡಿತ ಬಿಡುತ್ತದೆ, ಆಮೇಲೆ ಅಲುಗಾಡಿಸುತ್ತಾ ಎಳೆಯಿರಿ. ಗಾಬರಿಯಾದರೆ ಮೈ ಬಿಗಿಯಾಗಿ ಇನ್ನೂ ಕಷ್ಟ ಆಗುತ್ತದೆ, ಒಂದು ಹತ್ತು ನಿಮಿಷ ಓಡಾಡಿ ಬಂದು ಮತ್ತೆ ನೋಡಿ. ಅದು ಹೊಟ್ಟೆಯೊಳಗೆ ಎಲ್ಲೂ ಕಳೆದುಹೋಗುವುದಿಲ್ಲ, ಮೇಲೆ ಗರ್ಭಕೋಶದ ಬಾಯಿ ಇದೆ, ಅದನ್ನು ದಾಟಿ ಹೋಗಲು ಸಾಧ್ಯವೇ ಇಲ್ಲ. ಶುರುವಿನ ತಿಂಗಳುಗಳಲ್ಲಿ ಜೊತೆಗೆ ಒಂದು ಬಟ್ಟೆ ಪ್ಯಾಡ್ ಇಟ್ಟುಕೊಂಡರೆ ಧೈರ್ಯ.

ಹಾಸ್ಟೆಲ್‌ನಲ್ಲಿ ಕುದಿಸುವುದು ಎಲ್ಲಿ ಅಂತ ಎಲ್ಲರೂ ಕೇಳುತ್ತಾರೆ. ಎಲೆಕ್ಟ್ರಿಕ್ ಕೆಟಲ್ ಇದ್ದರೆ ನೀರು ಕುದಿಸಿ ಒಂದು ಸ್ಟೀಲ್ ಲೋಟಕ್ಕೆ ಬಗ್ಗಿಸಿ ಮುಚ್ಚಿಡುವವರಿದ್ದಾರೆ, ಆದರೆ ಮುಟ್ಟು ಶುರುವಾಗುವ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಒಲೆ ಮೇಲೆ ಐದು ನಿಮಿಷ ಕುದಿಸುವುದೇ ಸರಿಯಾದ ದಾರಿ. ಅದಕ್ಕೇ ಅಂತ ಒಂದು ಪಾತ್ರೆ ಇಡಿ, ಕಪ್ ತಳಕ್ಕೆ ಅಂಟದ ಹಾಗೆ ನೀರು ಜಾಸ್ತಿ ಹಾಕಿ. ಕುದಿಸಲು ಕುಡಿಯುವ ನೀರು ಬಳಸಿದರೆ ಬೋರ್ ನೀರಿನ ಬಿಳಿ ಪದರ ಕಟ್ಟುವುದಿಲ್ಲ. ಮಧ್ಯದ ದಿನಗಳಲ್ಲಿ ಬರೀ ನೀರಲ್ಲಿ ತೊಳೆದರೆ ಸಾಕು. ವಾಸನೆ ಸೋಪು, ಡೆಟಾಲ್ ಬೇಡ. ಒಣಗಿದ ಮೇಲೆ ಬಟ್ಟೆ ಚೀಲದಲ್ಲಿ ಇಡಿ, ಗಾಳಿಯಾಡದ ಡಬ್ಬಿಯಲ್ಲಿ ಬೇಡ.

ಅಡಿಕೆಲೆಕ್ಕ

ಒಂದು ಮಾತು ಕೇಳಲಾ, ಬೇಜಾರು ಮಾಡಿಕೊಳ್ಳಬೇಡಿ. ದುಡ್ಡು ಉಳಿಸುವುದೇ ಮುಖ್ಯ ಅಂದರೆ ಜನೌಷಧಿ ಅಂಗಡಿಯಲ್ಲಿ 2019ರಿಂದ ಸುವಿಧಾ ಪ್ಯಾಡ್ ಒಂದಕ್ಕೆ 1 ರೂಪಾಯಿಗೆ ಸಿಗುತ್ತಿದೆ. ಮೂವರಿಗೆ ತಿಂಗಳಿಗೆ 50-60 ರೂಪಾಯಿಯಲ್ಲಿ ಮುಗಿಯುತ್ತದೆ. ಸರ್ಕಾರಿ ಶಾಲೆ ಹುಡುಗಿಯರಿಗೆ ಶುಚಿ ಯೋಜನೆಯಲ್ಲಿ ಉಚಿತವಾಗಿಯೂ ಕೊಡುತ್ತಾರೆ. ಅದು ಬಿಟ್ಟು ಒಗೆಯುವುದು, ಕುದಿಸುವುದು, ಅತ್ತೆಯನ್ನು ಒಪ್ಪಿಸುವುದು, ಹೊರಗೆ ದುಡಿದು ಬರುವ ಹೆಂಗಸಿನ ಮೇಲೆ ಇನ್ನೊಂದು ಕೆಲಸ ಹೇರಿದ ಹಾಗೆ ಆಗುವುದಿಲ್ಲವಾ?

ಕಸದಗಾಡಿ_ಮೈಸೂರು

ಅಡಿಕೆಲೆಕ್ಕ ಅವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ದುಡ್ಡಿನ ಲೆಕ್ಕಕ್ಕೆ 1 ರೂಪಾಯಿ ಪ್ಯಾಡ್ ಒಳ್ಳೆಯ ದಾರಿ, ಬಟ್ಟೆ ಒಗೆಯಲು ನೀರೇ ಇಲ್ಲದ ಮನೆಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ನೇಸರ ಅವರು ಕಸದ ಬಗ್ಗೆಯೂ ಕೇಳಿದ್ದಾರೆ, ಆ ಲೆಕ್ಕ 1 ರೂಪಾಯಿ ಪ್ಯಾಡ್‌ನಲ್ಲೂ ಬದಲಾಗುವುದಿಲ್ಲ.

ಮೈಸೂರಿನಲ್ಲಿ ಒಣ ಕಸ ವಿಂಗಡಿಸುವ ಹೆಂಗಸರ ಜೊತೆ ಕೆಲಸ ಮಾಡುತ್ತೇನೆ. ತಿಂಗಳಿಗೆ 15 ಪ್ಯಾಡ್ ಅಂತ ಹಿಡಿದರೂ ವರ್ಷಕ್ಕೆ 180, ಮುಟ್ಟು ನಿಲ್ಲುವವರೆಗೆ 35 ವರ್ಷಕ್ಕೆ 6,300 ಪ್ಯಾಡ್. ಅದು ಒಬ್ಬರದು. ಕೆಳಗಿನ ಹಾಳೆ ಪಾಲಿಥೀನ್, ಮೇಲಿನ ಜಾಲರಿಯೂ ಹೆಚ್ಚಾಗಿ ಪ್ಲಾಸ್ಟಿಕ್ಕೇ, ಒಳಗೆ ನೀರು ಕುಡಿದು ಊದುವ ಜೆಲ್ ಪುಡಿ. ಇದು ಗೊಬ್ಬರವೂ ಆಗುವುದಿಲ್ಲ, ಗುಜರಿಗೂ ಹೋಗುವುದಿಲ್ಲ. ಕೆಲವು ಪ್ಯಾಡ್ ಮೇಲೆ ಕರಗುತ್ತದೆ ಅಂತ ಬರೆದಿರುತ್ತಾರೆ, ಅದರಲ್ಲಿ ಆಕ್ಸೋ ಅನ್ನುವ ಬಗೆಯದು ಚೂರು ಚೂರಾಗಿ ಮಣ್ಣಲ್ಲಿ ಉಳಿಯುವ ಪ್ಲಾಸ್ಟಿಕ್ಕೇ ಆಗುತ್ತದೆ. ಮನೆ ಹಿತ್ತಲಲ್ಲಿ ಸುಟ್ಟರೆ ಬೆಂಕಿಯ ಕಾವು ಸಾಲದೆ ವಿಷದ ಹೊಗೆ ಬರುತ್ತದೆ. ಟಾಯ್ಲೆಟ್‌ಗೆ ಹಾಕಿದರೆ ಜೆಲ್ ಊದಿ ಒಳಚರಂಡಿ ಕಟ್ಟಿಕೊಳ್ಳುತ್ತದೆ, ಅದನ್ನು ಬಿಡಿಸಲು ಯಾರಾದರೂ ಕೈ ಹಾಕಲೇಬೇಕು.

ನಮ್ಮ ಊರು 2015, 2016ರಲ್ಲಿ ದೇಶದಲ್ಲೇ ಸ್ವಚ್ಛ ನಗರ ಅಂತ ಮೊದಲ ಸ್ಥಾನ ಪಡೆದದ್ದು. ಆ ಹೆಮ್ಮೆ ನನಗೂ ಇದೆ. ಅದೇ ಊರಿನ ವಿದ್ಯಾರಣ್ಯಪುರಂ ಸೂಯೇಜ್ ಫಾರಂ ಪಕ್ಕ ಬದುಕಿದವರನ್ನು ಕೇಳಿ, ಕಸದ ಗುಡ್ಡ ಅಂದರೆ ಏನು ಅಂತ ಅವರು ಹೇಳುತ್ತಾರೆ. ಬೀದಿಯ ಸ್ವಚ್ಛತೆಗೆ ಎಲ್ಲರಿಗೂ ಬಹುಮಾನ ಬೇಕು, ಇನ್ನೊಬ್ಬಳ ಮುಟ್ಟಿನ ಪ್ಯಾಡ್ ಬರಿಗೈಯಲ್ಲಿ ಎತ್ತಿಡುವ ಹೆಂಗಸಿನ ಕೈ ಬಗ್ಗೆ ಯಾರೂ ಕೇಳುವುದಿಲ್ಲ. ಒಗೆಯುವುದು ಹೊರೆ ಅಂದಿರಿ, ಒಪ್ಪಿದೆ. ಒಗೆಯದೆ ಕೊಟ್ಟರೆ ಆ ಹೊರೆ ಇಲ್ಲವಾಗುವುದಿಲ್ಲ, ಅವಳ ತಲೆಗೆ ಹೋಗುತ್ತದೆ. ಅವಳಿಗೆ ಕೈಗವಸೂ ಎಲ್ಲಾ ದಿನ ಸಿಗುವುದಿಲ್ಲ.

ಪ್ಯಾಡ್ ಬಳಸುವವರು ಬಳಸಿ, ಯಾರನ್ನೂ ಬೈಯುತ್ತಿಲ್ಲ. ಆದರೆ ಪೇಪರ್‌ನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಲ್ಲಿ ದೊಡ್ಡದಾಗಿ ಗುರುತು ಹಾಕಿ, ಬೇರೆಯಾಗಿ ಕೈಗೆ ಕೊಡಿ. 2016ರ ಘನತ್ಯಾಜ್ಯ ನಿಯಮದಲ್ಲೇ ಇದನ್ನು ಸುತ್ತಿ ಕೊಡಬೇಕು ಅಂತಿತ್ತು, ಸುತ್ತಲು ಬೇಕಾದ ಕವರ್ ಅನ್ನು ಪ್ಯಾಡ್ ಮಾಡುವ ಕಂಪನಿಗಳೇ ಕೊಡಬೇಕು ಅಂತಲೂ ಇತ್ತು.

ತಾರಸಿ_ಕುವೆಂಪುನಗರ

ನನಗೆ ಕಪ್ ಆಗಲಿಲ್ಲ. ಒಳಗೆ ಏನಿಟ್ಟರೂ ನೋವು, ಡಾಕ್ಟರೂ ಬೇಡ ಅಂದರು. ಹಾಗಾಗಿ ಕಪ್ ಎಲ್ಲರಿಗೂ ಅಂತ ಹೇಳುವವರಿಗೆ ಅಲ್ಲ ಅಂತ ಹೇಳಬೇಕಿತ್ತು. ನಾನು ಪೀರಿಯಡ್ ಪ್ಯಾಂಟಿ ಬಳಸುತ್ತೇನೆ, ಒಳಗೇ ಹೀರುವ ಪದರ ಹೊಲಿದಿರುತ್ತಾರೆ. ಒಂದಕ್ಕೆ 400 ರಿಂದ 900 ರೂಪಾಯಿ, ಮೇಲಿನಿಂದ ನೋಡಿದರೆ ಮಾಮೂಲಿ ಚಡ್ಡಿಯೇ, ತಂತಿ ಮೇಲೆ ಹಾಕಿದರೂ ಯಾರಿಗೂ ತಿಳಿಯುವುದಿಲ್ಲ. ನಿಮ್ಮ ಮಗಳಿಗೆ ಸ್ಕೂಲ್‌ಗೆ ಇದೇ ಸರಿ ಅನ್ನಿಸುತ್ತದೆ. ಜಾರುವುದಿಲ್ಲ, ಬದಲಾಯಿಸುವಾಗ ಕವರ್ ಸದ್ದಿಲ್ಲ. ಹೆಚ್ಚು ಹೋಗುವ ದಿನ ಅದರ ಮೇಲೆ ಒಂದು ಬಟ್ಟೆ ಪ್ಯಾಡ್ ಇಟ್ಟು ಕಳಿಸಿ, ಮಧ್ಯಾಹ್ನ ಪ್ಯಾಡ್ ಮಾತ್ರ ತೆಗೆದು ಬೇರೆ ಹಾಕಿಕೊಳ್ಳುತ್ತಾಳೆ. ಬಳಸಿದ್ದನ್ನು ಮಡಚಿ ಹಾಕಲು ಜಿಪ್ ಇರುವ ಸಣ್ಣ ಚೀಲ ಕೊಡಿ.

ನೇಸರ_ಮಂಡ್ಯ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದಿ ನಾದಿನಿಗೂ ತೋರಿಸಿದೆ. ಅವಳು ಕಪ್ ನೋಡುತ್ತೇನೆ ಅಂದಿದ್ದಾಳೆ, ಮಗಳಿಗೆ ಬಟ್ಟೆ ಪ್ಯಾಡೂ ಒಂದೆರಡು ಪ್ಯಾಂಟಿಯೂ. ಆದರೆ ಮೂವರಿಗೂ ಒಟ್ಟಿಗೆ ತೆಗೆದುಕೊಂಡರೆ ಕೈಯಿಂದ ಒಂದೇ ಸಲ ಎಷ್ಟು ಹೋಗುತ್ತದೋ ಅಂತ ಯೋಚನೆ. ಮತ್ತೆ ನನ್ನ ಕಾಪರ್-ಟಿ ವಿಷಯ ಯಾರೂ ಹೇಳಲಿಲ್ಲ.

ಗಂಗೋತ್ರಿ_ಹುಡುಗಿ

ಅಕ್ಕ, ಒಟ್ಟಿಗೆ ಬೇಡ. ಕಪ್ 300 ರಿಂದ 800 ರೂಪಾಯಿವರೆಗೆ ಇದೆ. ನಾದಿನಿಯ ಪ್ಯಾಡ್‌ಗೆ ತಿಂಗಳಿಗೆ 160 ಅಂದುಕೊಂಡರೆ 500 ರೂಪಾಯಿ ಕಪ್‌ನ ದುಡ್ಡು ನಾಲ್ಕು ತಿಂಗಳೊಳಗೆ ವಾಪಸ್, ಕಲಿಯುವಾಗ ಪ್ಯಾಡೂ ಬೇಕಾಗುವುದರಿಂದ ಆರು ತಿಂಗಳು ಅಂತಿಟ್ಟುಕೊಳ್ಳಿ. ಚೆನ್ನಾಗಿ ನೋಡಿಕೊಂಡರೆ ಒಂದೇ ಕಪ್ ಎಷ್ಟೋ ವರ್ಷ ಬರುತ್ತದೆ, ಹತ್ತು ವರ್ಷ ಅಂತಲೂ ಕಂಪನಿಗಳು ಬರೆಯುತ್ತವೆ. ಮೊದಲು ಅದನ್ನು ತೆಗೆದುಕೊಳ್ಳಿ. ಅಲ್ಲಿ ಉಳಿದ ದುಡ್ಡಲ್ಲಿ ಮಗಳಿಗೆ ತಿಂಗಳಿಗೆ ಒಂದೆರಡು ಬಟ್ಟೆ ಪ್ಯಾಡ್. ಬಟ್ಟೆ ಪ್ಯಾಡ್ ಅಂಗಡಿಯಲ್ಲಿ ಒಂದಕ್ಕೆ 250ರ ಆಸುಪಾಸು ಅಂದರೆ ಆರಕ್ಕೆ 1,500, ಅದು ವಾಪಸ್ ಬರಲು ಒಂಬತ್ತು ಹತ್ತು ತಿಂಗಳು ಬೇಕು, ಪಾಂಡವಪುರದ ಅಕ್ಕ ಹೇಳಿದ ಹಾಗೆ ಟೈಲರ್ ಹತ್ತಿರ ಹೊಲಿಸಿದರೆ ಬೇಗ. ಇರುವ ಪ್ಯಾಡ್ ಪ್ಯಾಕೆಟ್ ಬಿಸಾಡಬೇಡಿ, ಊರಿಗೆ ಹೋಗುವಾಗ, ಮದುವೆ ಮನೆಯಲ್ಲಿ ಇರುವಾಗ ಬೇಕಾಗುತ್ತದೆ.

ನಾದಿನಿಗೆ ಇನ್ನೊಂದು ಹೇಳಿ. ನಮ್ಮ ಪಕ್ಕದ ಚಾಮರಾಜನಗರದಲ್ಲೂ ದಕ್ಷಿಣ ಕನ್ನಡದಲ್ಲೂ 2022ರಲ್ಲಿ ಸರ್ಕಾರವೇ ಮೈತ್ರಿ ಅಂತ ಹೆಸರಿಟ್ಟು ಕಾಲೇಜು ಹುಡುಗಿಯರಿಗೆ ಮುಟ್ಟಿನ ಕಪ್ ಕೊಡಲು ಶುರು ಮಾಡಿತು. ಕೇರಳದ ಎರ್ನಾಕುಲಂ ಜಿಲ್ಲೆಯ ಕುಂಬಳಂಗಿ ಅದೇ ವರ್ಷ ಜನವರಿಯಲ್ಲಿ ಪ್ಯಾಡ್ ಇಲ್ಲದ ಪಂಚಾಯಿತಿ ಅಂತ ಘೋಷಿಸಿಕೊಂಡಿತು. ಅವಳ ವಯಸ್ಸಿನ ಸಾವಿರಾರು ಹುಡುಗಿಯರು ಇದನ್ನು ಬಳಸುತ್ತಿದ್ದಾರೆ, ಅವಳೊಬ್ಬಳೇ ಅಲ್ಲ.

ಸುಗ್ಗಿ_ಪಾಂಡವಪುರ

ಒಣಗಿಸಲು ಓನರ್ ತಾರಸಿಯಲ್ಲಿ ಮುಜುಗರ ಆದರೆ ಮಕ್ಕಳ ಬಟ್ಟೆ ಹಾಕುವ ಕ್ಲಿಪ್ ಬಳೆ ಸಿಗುತ್ತದೆ ಅಕ್ಕ, ಒಂದೇ ಕೊಕ್ಕೆಗೆ ಹತ್ತಾರು ಕ್ಲಿಪ್. ಕಿಟಕಿ ಸರಳಿಗೆ ಬಿಸಿಲು ಬೀಳುವ ಕಡೆ ನೇತು ಹಾಕಿ. ಮೇಲೆ ಟವೆಲ್ ಮುಚ್ಚಬೇಡಿ, ಅದೇ ಹಳೇ ಕಥೆ ಆಗುತ್ತದೆ. ಗಾಢ ಬಣ್ಣದ, ಹೂವಿನ ಡಿಸೈನ್ ಬಟ್ಟೆಯಲ್ಲಿ ಹೊಲಿಸಿದರೆ ಕಲೆಯೂ ಕಾಣುವುದಿಲ್ಲ.

ಬಿಳಿಕೋಟು_ಮೈಸೂರು

ನೇಸರ ಅವರೇ, ಕಾಪರ್-ಟಿ ವಿಷಯ ಬಿಟ್ಟುಹೋಗಿತ್ತು, ಒಳ್ಳೆಯದಾಯಿತು ಮತ್ತೆ ಕೇಳಿದ್ದು. ಕಾಪರ್-ಟಿ ಇರುವವರೂ ಕಪ್ ಬಳಸುತ್ತಾರೆ, ಆದರೆ ಕಪ್ ತೆಗೆಯುವಾಗ ಅದರ ಗಾಳಿ ಹಿಡಿತಕ್ಕೋ, ಕಾಪರ್-ಟಿಯ ತುದಿಯ ದಾರ ಬೆರಳಿಗೆ ಸಿಕ್ಕಿಯೋ ಅದು ಜಾರಿ ಬಂದ ಪ್ರಕರಣಗಳು ವರದಿಯಾಗಿವೆ. ಜಾರಿದ್ದು ಗೊತ್ತಾಗದಿದ್ದರೆ ಗರ್ಭ ನಿಲ್ಲಬಹುದು. ನಿಮಗೆ ನನ್ನ ಸಲಹೆ, ಸದ್ಯಕ್ಕೆ ಬಟ್ಟೆ ಪ್ಯಾಡೇ ಬಳಸಿ. ಕಪ್ ಬೇಕೇ ಬೇಕು ಅನ್ನಿಸಿದರೆ ಮೊದಲು ಡಾಕ್ಟರ್ ಹತ್ತಿರ ತೋರಿಸಿ, ದಾರ ಉದ್ದ ಇದ್ದರೆ ಅವರು ಕತ್ತರಿಸಿ ಕೊಡುತ್ತಾರೆ. ಮಂಡ್ಯದಲ್ಲಿ ಮಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಮೈಸೂರಿಗೆ ಬಂದರೆ ಚೆಲುವಾಂಬ ಆಸ್ಪತ್ರೆ ಇದೆ.

ಇನ್ನೊಂದು, ಕಾಪರ್-ಟಿ ಹಾಕಿಸಿಕೊಂಡ ಮೇಲೆ ಕೆಲವರಿಗೆ ಮುಟ್ಟು ಜಾಸ್ತಿ ಹೋಗುತ್ತದೆ. ಒಂದು ಮುಟ್ಟಿಗೆ 80 ಎಂ.ಎಲ್. ಮೀರಿದರೆ ಅದು ಹೆಚ್ಚು ಅಂತಲೇ ಲೆಕ್ಕ. ಪ್ಯಾಡ್‌ನಲ್ಲಿ ಇದನ್ನು ಅಳೆಯಲು ಬರುವುದಿಲ್ಲ, ಆದರೆ ಎರಡು ಗಂಟೆಗೊಮ್ಮೆ ಪೂರ್ತಿ ನೆನೆಯುತ್ತಿದ್ದರೆ, ದೊಡ್ಡ ಗಡ್ಡೆಗಳು ಹೋಗುತ್ತಿದ್ದರೆ, ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದರೆ ತಡಮಾಡಬೇಡಿ, ಹಿಮೋಗ್ಲೋಬಿನ್ ಒಂದು ಪರೀಕ್ಷೆ ಮಾಡಿಸಿ. ಮಗಳಿಗೆ ರಾತ್ರಿ ದೊಡ್ಡ ಸೈಜೇ ಬೇಕು ಅಂದಿರಲ್ಲ, ಅವಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಆ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತದೆ.

ನೇಸರ_ಮಂಡ್ಯ

ಸರಿ ಸಿಸ್ಟರ್. ಸೋಮವಾರ ಇಬ್ಬರೂ ಹೋಗುತ್ತೇವೆ. ಸುಗ್ಗಿ ಅವರೇ, ನಿಮ್ಮ ಟೈಲರ್ ಅಕ್ಕ ಆ ಕೆಳಗಿನ ಸೋರದ ಬಟ್ಟೆಯನ್ನು ಎಲ್ಲಿಂದ ತರಿಸುತ್ತಾರೆ ಅಂತ ಒಂದು ಮಾತು ಕೇಳಿ ಹೇಳುತ್ತೀರಾ? ಇಲ್ಲಿ ಕೇಳಿದ ಬಟ್ಟೆ ಅಂಗಡಿಯವರಿಗೆ ಅದೇನು ಅಂತಲೇ ಗೊತ್ತಿಲ್ಲ.

ಸುಗ್ಗಿ_ಪಾಂಡವಪುರ

ಕೇಳಿದೆ ಅಕ್ಕ. ಮಗುವಿನ ಕೆಳಗೆ ಹಾಸುವ ಸೋರದ ಶೀಟ್ ಸಿಗುತ್ತದಲ್ಲ, ಒಂದು ಕಡೆ ಮೆತ್ತನೆ ಬಟ್ಟೆ ಇನ್ನೊಂದು ಕಡೆ ತೆಳು ಪ್ಲಾಸ್ಟಿಕ್ ಇರುವಂಥದ್ದು, ಅದನ್ನೇ ಕತ್ತರಿಸಿ ಹಾಕುತ್ತಾರಂತೆ. ಬರೀ ರಬ್ಬರ್ ಶೀಟ್ ತರಬೇಡಿ, ಅದು ಬೆವರುತ್ತದೆ. ಒಂದು ಶೀಟ್‌ನಲ್ಲಿ ಮೂವರಿಗೂ ಆಗಿ ಉಳಿಯುತ್ತದೆ.